ಬಣ್ಣ ಬಂತಾ?

ಆಟಿ ಹದಿನೆಂಟರ ಮಾರನೇ ದಿನ ಬೆಳಿಗ್ಗೆ ನಮ್ಮನೇಲಿ ಅಜ್ಜಿ ಎಲ್ಲರನ್ನೂ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, "ಬಣ್ಣ ಬಂತಾ?" ಬಚ್ಚಲ ಕಡೆಯಿಂದ ಬರ್ತಿರೋರನ್ನ ಅಡುಗೆಮನೆ ಬಾಗಿಲಲ್ಲೇ ನಿಲ್ಲಿಸಿ ಕೇಳೋರು, ಅಪ್ಪನ್ನೂ ಬಿಡ್ತಿರಲಿಲ್ಲ, ಮದುವೆಯಾಗಿ ಮೊದಲ ಸಲ ಬಂದ ಹೊಸ ಅಳಿಯನ್ನೂ ಬಿಡ್ಲಿಲ್ಲ. ಮೂತ್ರ ಕೆಂಪಗೆ ಬಂದಿದ್ರೆ ಮದ್ದು ಹಿಡೀತು ಅಂತ ಲೆಕ್ಕ. ಬಂದಿಲ್ಲ ಅಂದ್ರೆ ನೀನು ಸರಿಯಾಗಿ ತಿಂದಿಲ್ಲ ಬಾ ಕೂತ್ಕೋ ಅಂತ ಪಾತ್ರೆ ತಳ ಕೆರೆದು ಇನ್ನೊಂದು ಸೌಟು ಪಾಯಸ ಬಡಿಸೋರು. ಹಾಗಾಗಿ ಪಾಯಸ ಸೇರದೋರು ಬಣ್ಣ ಬರದಿದ್ರೂ ಬಂತು ಅಂತಿದ್ರು, ನನ್ನಂಥ ಆಸೆಬುರುಕರು ಬಂದಿದ್ರೂ ಇಲ್ಲ ಅಂತ ಮುಖ ಸಣ್ಣ ಮಾಡ್ಕೊಂಡು ನಿಲ್ತಿದ್ವಿ.

ಕೊಡಗಿನ ಹೊರಗಿನವರಿಗೆ ಸ್ವಲ್ಪ ಹೇಳ್ಬೇಕು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಬರೋ ತಿಂಗಳನ್ನ ಕೊಡವರು ಕಕ್ಕಡ ಅಂತಾರೆ, ಅರೆಭಾಷೆಯವರಾದ ನಾವು ಆಟಿ ಅಂತೀವಿ. ಅದರ ಹದಿನೆಂಟನೇ ದಿನ, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ತೋಟದ ಅಂಚಲ್ಲಿ ನೆರಳಲ್ಲಿ ಬೆಳೆಯೋ ಒಂದು ಸೊಪ್ಪನ್ನ ಕಡ್ಡಿ ಸಮೇತ ಕುಯ್ದು ತಂದು ನೀರಲ್ಲಿ ಕುದಿಸ್ತಾರೆ. ಆಟಿ ಸೊಪ್ಪು, ಮದ್ದು ಸೊಪ್ಪು, ಯಾವುದಾದ್ರೂ ಅನ್ನಿ. ತಿಂಗಳು ಹುಟ್ಟಿದಲ್ಲಿಂದ ದಿನಕ್ಕೊಂದು ಮದ್ದು ಅದರೊಳಗೆ ಸೇರ್ತಾ ಹೋಗಿ ಹದಿನೆಂಟನೇ ದಿನಕ್ಕೆ ಹದಿನೆಂಟೂ ತುಂಬಿರುತ್ತೆ ಅನ್ನೋದು ನಂಬಿಕೆ, ಅವತ್ತು ಸೊಪ್ಪಿನ ಪರಿಮಳನೂ ಬೇರೆ ಥರ ಇರುತ್ತೆ ಅಂತಾರೆ. ಕುದ್ದ ನೀರು ಕಡು ನೇರಳೆ ಆಗುತ್ತೆ. ಅದನ್ನ ಸೋಸಿ ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಹಾಲು, ಏಲಕ್ಕಿ ಹಾಕಿದ್ರೆ ಪಾಯಸ, ಹಿಟ್ಟು ಹಾಕಿ ಬೇಯಿಸಿದ್ರೆ ಪುಟ್ಟು. ಹೊರಗೆ ದಿನಕ್ಕೆ ಮೂರು ನಾಲ್ಕು ಇಂಚು ಮಳೆ ಹೊಡೀತಿರುತ್ತೆ (ನಮ್ಮಲ್ಲಿ ಮಳೆ ಅಂದ್ರೆ ಇಂಚು, ಇಂಚಿನ ನೂರನೇ ಭಾಗದ ಸೆಂಟು, ಇವುಗಳಲ್ಲೇ ಮಾತು, ಮಿಲಿಮೀಟರ್ ಅಂದ್ರೆ ಯಾರಿಗೂ ಅಂದಾಜು ಸಿಗಲ್ಲ), ಗದ್ದೇಲಿ ನಾಟಿ ಮಾಡಿ ಕೈಕಾಲು ಮರಗಟ್ಟಿರುತ್ತೆ, ಆಗ ತುಪ್ಪ ಬಿಟ್ಟ ಬಿಸಿ ನೇರಳೆ ಪಾಯಸ ಹೊಟ್ಟೆಗೆ ಇಳಿದ್ರೆ ಅದು ಮದ್ದು ಹೌದೋ ಅಲ್ವೋ ಅಂತ ಯಾರು ಕೇಳ್ತಾರೆ.

ನಾನು ಕೇಳ್ದೆ. ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಪ್ರಾಜೆಕ್ಟಿಗೆ. ಘಟ್ಟದ ಕೆಳಗೆ ಓದ್ತಿದ್ದೆ, ಕ್ಲಾಸಲ್ಲಿ ಅರ್ಧ ಜನ ಅಮೃತಬಳ್ಳಿ, ನೆಲನೆಲ್ಲಿ, ತುಳಸಿ ಅಂತ ಬರ್ಕೊಟ್ಟಿದ್ರು, ನಾನು ಮಾತ್ರ ಎದ್ದುನಿಂತು ಆಟಿ ಸೊಪ್ಪು ಅಂದೆ. ಮೇಡಂಗೆ ಖುಷಿ ಆಯ್ತು. ಗಿಡದ ಶಾಸ್ತ್ರೀಯ ಹೆಸರು ಜಸ್ಟೀಷಿಯಾ ವೈನಾಡೆನ್ಸಿಸ್, ಪಕ್ಕದ ವಯನಾಡಿನ ಹೆಸರೇ ಅದಕ್ಕಿದೆ, ಪಶ್ಚಿಮ ಘಟ್ಟದ್ದೇ ಗಿಡ. ನಮ್ಮ ಆಡುಸೋಗೆಗೆ ಇದು ದಾಯಾದಿ, ಎರಡೂ ಒಂದೇ ಜಸ್ಟೀಷಿಯಾ ಕುಲ. ಆಡುಸೋಗೆಯ ವ್ಯಾಸಿಸಿನ್ ಅನ್ನೋ ಆಲ್ಕಲಾಯ್ಡ್ ಹಿಡ್ಕೊಂಡು ಹೋಗಿನೇ ಕೆಮ್ಮಿನ ಸಿರಪ್ಪಲ್ಲಿರೋ ಬ್ರೋಮ್‌ಹೆಕ್ಸಿನ್ ಮಾಡಿದ್ದು. ಇದೇ ಕುಲದ ಇನ್ನೊಂದು ಗಿಡದಲ್ಲಿ ಜಸ್ಟಿಸಿಡಿನ್ ಅನ್ನೋ ಲಿಗ್ನಾನ್‌ಗಳು ಸಿಕ್ಕಿವೆ, ಅವು ಮೀನಿಗೆ ವಿಷ, ಲ್ಯಾಬಲ್ಲಿ ಕ್ಯಾನ್ಸರ್ ಸೆಲ್ಲುಗಳಿಗೂ ವಿಷ. ಅಂದ್ರೆ ಮನೆತನ ಒಳ್ಳೇದೇ, ಹುಡುಕಿದ್ರೆ ಏನಾದ್ರೂ ಸಿಗಬಹುದು ಅನ್ನೋ ಆಸೆ ಇಟ್ಕೊಳ್ಳೋಕೆ ಅಡ್ಡಿ ಇರ್ಲಿಲ್ಲ. ಆಟಿ ಸೊಪ್ಪಿನ ಮೇಲೆನೂ ಕರ್ನಾಟಕದ ಕೆಲವು ಲ್ಯಾಬ್‌ನವರು ಆಗಲೇ ಪೇಪರ್ ಮಾಡಿದ್ರು. ನಾನು ಮೊದಲನೆಯವಳೇನಲ್ಲ, ಕೊನೆಯವಳೂ ಅಲ್ಲ.

ಅದು 2018. ಆಗಸ್ಟ್ 3ಕ್ಕೆ ಊರಿಗೆ ಹೋಗಿ ಎರಡು ಗೋಣಿ ಸೊಪ್ಪು ಕುಯ್ದೆ, ಜಿಗಣೆ ಕಚ್ಚಿಸ್ಕೊಂಡು. ಒಂದು ರೆಂಬೆನ ಪೇಪರ್ ಮಧ್ಯ ಒತ್ತಿಟ್ಟೆ, ಬಾಟನಿಯವರು ನೋಡಿ ಇದೇ ಗಿಡ ಅಂತ ಬರ್ಕೊಡಬೇಕಲ್ಲ. ಪ್ರೋಟೋಕಾಲಲ್ಲಿ "ನೆರಳಲ್ಲಿ ಒಣಗಿಸಿ" ಅಂತ ಒಂದು ಲೈನ್ ಇರುತ್ತೆ. ಬಯಲುಸೀಮೆಯವರು ಯಾರೋ ಬರೆದಿರ್ಬೇಕು. ಆಟಿ ತಿಂಗಳಲ್ಲಿ ಕೊಡಗಲ್ಲಿ ನೆರಳು ಬಿಟ್ರೆ ಬೇರೆ ಏನಿದೆ, ಒಣಗೋದು ಮಾತ್ರ ಇಲ್ಲ, ಒಗೆದ ಚಡ್ಡಿನೇ ವಾರ ಆದ್ರೂ ಒಣಗಲ್ಲ. ಜಗಲೀಲಿ ಹರವಿದ ಸೊಪ್ಪಿಗೆ ಎರಡೇ ದಿನಕ್ಕೆ ಬಿಳಿ ಬೂಷ್ಟು ಬಂತು. ನಾನು ಅಳೋದೊಂದು ಬಾಕಿ. ಅಜ್ಜಿ ಬೂಷ್ಟು ಬಂದಿದ್ದನ್ನ ಆರಿಸಿ ಬಿಸಾಕಿ, ಉಳಿದಿದ್ದನ್ನ ಮೊರಕ್ಕೆ ಹಾಕಿ ಒಲೆ ಮೇಲಿನ ಅಟ್ಟಕ್ಕೆ ಏರಿಸಿದ್ರು, ಹಂದಿ ಮಾಂಸ ಒಣಗಿಸೋದೂ ಅಲ್ಲೇ, ಹಂದಿ ಸಾರಿಗೆ ಹಾಕೋ ಕಪ್ಪು ಹುಳಿ ಕಾಚಂಪುಳಿಯ ಬಾಟ್ಲಿ ಇರೋದೂ ಅಲ್ಲೇ. ಕೆಳಗೆ ಕಾಫಿ ಕೊರಡು, ಸಿಲ್ವರ್ ಓಕ್ ಸೌದೆ ಬೆಳಗಿಂದ ರಾತ್ರಿ ತನಕ ಉರಿಯುತ್ತೆ. ವಾರದಲ್ಲಿ ಸೊಪ್ಪು ಗರಿಗರಿ ಆಯ್ತು, ಅಜ್ಜಿ ಅದನ್ನ ಹಳೇ ಪೇಪರಲ್ಲಿ ಕಟ್ಟಿಕೊಟ್ರು, ನಾನು ಸಂಪಾಜೆ ಘಾಟಿ ಇಳಿದು ಹೋದೆ. ಹೋಗಿ ನಾಲ್ಕೈದು ದಿನಕ್ಕೆ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ರಸ್ತೆ ಬಂದ್. ಆ ದಿನಗಳ ಬಗ್ಗೆ ಇಲ್ಲಿ ಬರೆಯಲ್ಲ, ನಮ್ಮ ಮನೆಗೆ ಏನೂ ಆಗ್ಲಿಲ್ಲ ಅಂತಷ್ಟೇ ಹೇಳ್ತೀನಿ, ನಮಗೆ ಗೊತ್ತಿರೋ ಎಷ್ಟೋ ಜನರಿಗೆ ಹಾಗಾಗ್ಲಿಲ್ಲ.

ಸೊಪ್ಪಿಂದ ಸತ್ವ ತೆಗೆಯೋದು ಹೆಚ್ಚುಕಡಿಮೆ ಫಿಲ್ಟರ್ ಕಾಫಿ ಕೆಲಸ. ಸಾಕ್ಸ್‌ಲೆಟ್ ಅಂತ ಒಂದು ಗಾಜಿನ ಸಾಧನ ಇದೆ, 1879ರಲ್ಲಿ ಸಾಕ್ಸ್‌ಲೆಟ್ ಅನ್ನೋ ಜರ್ಮನ್ ಕೆಮಿಸ್ಟು ಹಾಲಿನ ಕೊಬ್ಬು ಅಳೆಯೋಕೆ ಅಂತ ಮಾಡಿದ್ದು. ಕೆಳಗೆ ದ್ರಾವಕ ಕುದ್ದು ಆವಿಯಾಗಿ ಮೇಲೆ ಹೋಗಿ ತಣ್ಣಗಾಗಿ ಸೊಪ್ಪಿನ ಪುಡಿ ಮೇಲೆ ಬೀಳುತ್ತೆ, ತುಂಬಿದ್ಮೇಲೆ ತಾನೇ ಕೆಳಗೆ ಇಳಿಯುತ್ತೆ, ಮತ್ತೆ ಕುದಿಯುತ್ತೆ. ಒಂದೇ ಪುಡಿಗೆ ಮೂವತ್ತು ಸಲ ಡಿಕಾಕ್ಷನ್ ತೆಗೆದ ಹಾಗೆ. ಯಾವ ದ್ರಾವಕ ಅನ್ನೋದೇ ಇಲ್ಲಿ ಎಲ್ಲ. ಹೆಕ್ಸೇನ್ ಹಾಕಿದ್ರೆ ಮೇಣ, ಎಣ್ಣೆ ಜಾತಿಯದ್ದು ಬರುತ್ತೆ, ಈಥೈಲ್ ಅಸಿಟೇಟಿಗೆ ಮಧ್ಯದ್ದು, ಮೆಥನಾಲಿಗೆ ಪಾಲಿಫಿನಾಲು ಗ್ಲೈಕೋಸೈಡು ಎಲ್ಲ ಇಳಿಯುತ್ತೆ. ನಾನು ಇವೆಲ್ಲಾ ಮಾಡಿ, ಕೊನೆಗೆ ಅಜ್ಜಿ ಮಾಡೋ ಹಾಗೆ ಬರೀ ನೀರಲ್ಲಿ ಕುದಿಸಿದ್ದೂ ಒಂದು ಇಟ್ಕೊಂಡೆ. ಮೇಡಂ ಬೇಡ ಅಂದ್ರು, ನೀರಿನ ಎಕ್ಸ್‌ಟ್ರ್ಯಾಕ್ಟ್ ಫ್ರಿಜ್ಜಲ್ಲೂ ಕೆಡುತ್ತೆ, ಯಾಕೆ ತಲೆನೋವು ಅಂತ. ಬೇಡ ಅಂದಿದ್ದೇ ಆಮೇಲೆ ಅರ್ಧ ಥೀಸಿಸ್ ಆಯ್ತು.

ಟೆಸ್ಟ್‌ಟ್ಯೂಬ್ ಪರೀಕ್ಷೆಗಳ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಫೆರಿಕ್ ಕ್ಲೋರೈಡ್ ಹಾಕಿ ಕಪ್ಪಾದ್ರೆ ಫಿನಾಲು, ಮೇಯರ್ ರೀಏಜೆಂಟ್ ಹಾಕಿ ಬೆಳ್ಳಗೆ ಕದಡಿದ್ರೆ ಆಲ್ಕಲಾಯ್ಡು, ಕುಲುಕಿ ನೊರೆ ನಿಂತ್ರೆ ಸಪೋನಿನ್ನು, ಇವಕ್ಕೆ ಯಾವ ಸೊಪ್ಪು ಹಾಕಿದ್ರೂ ಒಂದಲ್ಲ ಒಂದು ಪ್ಲಸ್ ಬಂದೇ ಬರುತ್ತೆ, ಹಿತ್ತಲಿನ ಕೆಸುವಿನ ಎಲೆ ಹಾಕಿದ್ರೂ. ಮಜಾ ಇದ್ದಿದ್ದು ಜಿಸಿ-ಎಂಎಸ್ ಅನ್ನೋ ಮೆಷೀನಿನ ರಿಪೋರ್ಟಲ್ಲಿ. ಸ್ಯಾಂಪಲನ್ನ ಬಿಸಿ ಮಾಡಿ ಆವಿ ಮಾಡಿ, ಉದ್ದದ ಕೂದಲಿನಷ್ಟು ಸಣ್ಣ ಕೊಳವೆಲಿ ಓಡಿಸಿ, ಒಂದೊಂದಾಗಿ ಹೊರಗೆ ಬರೋ ಅಣುನ ಒಡೆದು, ಚೂರುಗಳ ತೂಕ ನೋಡಿ, ಗೊತ್ತಿರೋ ಅಣುಗಳ ಲೈಬ್ರರಿ ಜೊತೆ ತಾಳೆ ಹಾಕಿ ಕಂಪ್ಯೂಟರ್ ಹೆಸರು ಹೇಳುತ್ತೆ. ನನ್ನ ರಿಪೋರ್ಟಲ್ಲಿ ಫೈಟಾಲ್, ಹೆಕ್ಸಾಡೆಕನಾಯಿಕ್ ಆಸಿಡ್ ಎಲ್ಲ ಇತ್ತು, ಅವು ಹಸಿರು ಇರೋ ಎಲ್ಲದರಲ್ಲೂ ಇರುತ್ತೆ. ಅವುಗಳ ಜೊತೆ ಎರಡು ಮೂರು ಫಿನಾಲ್ ಜಾತಿಯ ಪೀಕು (ಗ್ರಾಫಲ್ಲಿ ಒಂದೊಂದು ಅಣುಗೂ ಏಳೋ ಮೊನೆ), ಗ್ವಾಯಕಾಲ್, ಸಿರಿಂಗಾಲ್ ಅಂತ. ರಾತ್ರಿಯಿಡೀ ಗೂಗಲ್ ಮಾಡಿದೆ. ಆಂಟಿಆಕ್ಸಿಡೆಂಟ್ ಅಂತಿದೆ, ಆಂಟಿಮೈಕ್ರೋಬಿಯಲ್ ಅಂತಿದೆ, ಹದಿನೆಂಟು ಮದ್ದಲ್ಲಿ ಎರಡು ಸಿಕ್ತು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೂ ಆಯ್ತು.

ಮಾರನೇ ದಿನ ಮೇಡಂ ರಿಪೋರ್ಟ್ ನೋಡಿ, ಪೌಡರ್ ಡಬ್ಬಿ ತರಿಸ್ಕೊಂಡು ಮುಚ್ಚಳ ತೆಗೆದು ಮೂಸಿದ್ರು.

"ಎಲ್ಲಿ ಒಣಗಿಸಿದ್ದು?"

"ಮನೇಲಿ ಮೇಡಂ. ಒಲೆ ಮೇಲೆ, ಅಟ್ಟದಲ್ಲಿ."

ಅವರು ನಗೋಕೆ ಶುರು ಮಾಡಿದ್ರು. ಗ್ವಾಯಕಾಲ್ ಸಿರಿಂಗಾಲ್ ಅಂದ್ರೆ ಸೌದೆ ಹೊಗೆ, ಕಟ್ಟಿಗೆಯ ಲಿಗ್ನಿನ್ ಸುಟ್ಟಾಗ ಬರೋದು ಇವೇ. ಹೊಗೆ ಹಾಕಿದ ಹಂದಿ ಮಾಂಸದ ವಾಸನೆ ಇದ್ಯಲ್ಲ, ಅದು. ನಾನು ಆಟಿ ಸೊಪ್ಪಲ್ಲಿ ಕಂಡುಹಿಡಿದಿದ್ದು ನಮ್ಮನೆ ಒಲೆನ. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ದೊಡ್ಡ ಪೀಕು ಥ್ಯಾಲೇಟು, ಪ್ಲಾಸ್ಟಿಕ್ ಮೆತ್ತಗಾಗೋಕೆ ಹಾಕೋ ಕೆಮಿಕಲ್ಲು, ಟ್ಯೂಬಿಂದಲೋ ಕವರಿಂದಲೋ ಬಂದಿರೋದು. ಗಿಡಮೂಲಿಕೆ ಪೇಪರ್‌ಗಳನ್ನ ತೆಗೆದು ನೋಡಿ, ಥ್ಯಾಲೇಟನ್ನೇ ಗಿಡದ ಔಷಧೀಯ ಅಂಶ ಅಂತ ಟೇಬಲ್ ಮಾಡಿ ಎದುರಿಗೆ "ಕ್ಯಾನ್ಸರ್ ವಿರೋಧಿ" ಅಂತ ಬರೆದಿರೋರು ಎಷ್ಟು ಜನ ಬೇಕು. ಇನ್ನೊಂದು ವಿಷಯ ಆಗ ತಲೆಗೆ ಹೋಯ್ತು. ಜಿಸಿ-ಎಂಎಸ್‌ಗೆ ಕಾಣೋದು ಆವಿಯಾಗೋ ಸಣ್ಣ ಅಣುಗಳು ಮಾತ್ರ. ಪಾಯಸಕ್ಕೆ ಆ ಬಣ್ಣ ಕೊಡೋದು ನೀರಲ್ಲಿ ಕರಗೋ ವಸ್ತು, ಅಂಥದ್ದು ಆ ಕೊಳವೆಲಿ ಹಾರೋದೇ ಇಲ್ಲ. ಅಂದ್ರೆ ಮೂರು ಪುಟದ ಲಿಸ್ಟಲ್ಲಿ ನಾವು ಇಷ್ಟು ವರ್ಷ ಕುಡಿದ ನೇರಳೆಯ ಸುಳಿವೇ ಇರ್ಲಿಲ್ಲ.

ರಸ್ತೆ ಸರಿಯಾಗೋ ತನಕ ಕಾದು ಅಮ್ಮ ಹೊಸ ಸೊಪ್ಪು ತಂದ್ಕೊಟ್ರು, ಲ್ಯಾಬಿನ ಓವನ್ನಲ್ಲಿ 40 ಡಿಗ್ರಿಗೆ ಒಣಗಿಸಿದ್ವಿ. ಆಟಿ ಕಳೆದು ಎರಡು ತಿಂಗಳಾಗಿತ್ತು. ಫೋನಲ್ಲಿ ಅಜ್ಜಿ ಒಂದೇ ಮಾತು, "ಈಗ ಅದು ಬರೀ ಸೊಪ್ಪು." ನಿಜ ಹೇಳ್ಬೇಕಂದ್ರೆ ಅಜ್ಜಿಯ ಮಾತನ್ನ ಪರೀಕ್ಷೆ ಮಾಡೋಕೆ ಅಂತ ಹೊರಟೋಳು ನಾನು, ಹದಿನೆಂಟನೇ ದಿನದ ಸೊಪ್ಪನ್ನ ಒಲೆ ಹೊಗೆಗೆ ಕೊಟ್ಟು, ಅಜ್ಜಿ ಮದ್ದೇ ಅಲ್ಲ ಅಂದ ಸೊಪ್ಪಿನ ಮೇಲೆ ಪ್ರಾಜೆಕ್ಟ್ ಮುಗಿಸಿದೆ.

ಸೆಲ್ ಕಲ್ಚರ್ ಮಾಡೋಕೆ, ಅಂದ್ರೆ ಜೀವಕೋಶಗಳನ್ನ ಲ್ಯಾಬಲ್ಲಿ ಬೆಳೆಸೋಕೆ, ನಮ್ಮಲ್ಲಿ ಸೌಲಭ್ಯ ಇರ್ಲಿಲ್ಲ, ಬೇರೆ ಕಡೆ ಎರಡು ತಿಂಗಳು ಬೆಂಚ್ ಕೊಟ್ರು. ಸಿಕ್ಕಿದ್ದು ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಸೆಲ್ಲು. ಈ ಸೆಲ್ಲುಗಳ ಒಡತಿ ಕ್ಯಾಥರಿನ್ ಫ್ರಾನ್ಸಿಸ್ ಅಂತ ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿ, 1970ರಲ್ಲಿ ಅವರ ಎದೆಯಲ್ಲಿ ತುಂಬಿದ್ದ ನೀರಿಂದ ತೆಗೆದಿದ್ದು. ಮಿಷಿಗನ್ ಕ್ಯಾನ್ಸರ್ ಫೌಂಡೇಶನ್ನಿನ ಹೆಸರಿಂದ ಎಂಸಿಎಫ್, ಏಳನೇ ಪ್ರಯತ್ನಕ್ಕೆ ಬೆಳೆದಿದ್ದಕ್ಕೆ 7. ಅವರು ಅದೇ ವರ್ಷ ತೀರ್ಕೊಂಡ್ರು, ಸೆಲ್ಲುಗಳು ಇವತ್ತಿಗೂ ದೇಶದೇಶದ ಇನ್‌ಕ್ಯುಬೇಟರಲ್ಲಿ 37 ಡಿಗ್ರಿಲಿ ಬೆಚ್ಚಗೆ ಬೆಳೀತಾ ಇವೆ. ಮೊದಲ ಸಲ ಮೈಕ್ರೋಸ್ಕೋಪಲ್ಲಿ ನೋಡಿದಾಗ ಅಜ್ಜಿ ರಂಗೋಲಿ ಚುಕ್ಕಿ ಒತ್ತೊತ್ತಾಗಿ ಇಟ್ಟ ಹಾಗೆ ಕಾಣ್ತು, ಇದನ್ನ ಸಾಯಿಸ್ಬೇಕಾ ಅಂತ ಒಂದು ಕ್ಷಣ ಕೈ ನಿಂತಿದ್ದೂ ಹೌದು.

ಸಾಯಿಸೋದನ್ನ ಅಳೆಯೋದು ಎಂಟಿಟಿ ಟೆಸ್ಟಲ್ಲಿ, 1983ರಲ್ಲಿ ಮೊಸ್ಮನ್ ಅನ್ನೋರು ಮಾಡಿದ್ದು, ಆವತ್ತಿಂದ ಬಡವರ ಲ್ಯಾಬಿಗೂ ಶ್ರೀಮಂತರ ಲ್ಯಾಬಿಗೂ ಅದೇ. 96 ವೆಲ್, ಅಂದ್ರೆ ಪುಟ್ಟ ಗುಂಡಿ, ಇರೋ ಅಂಗೈಯಗಲದ ಪ್ಲೇಟು. ಒಂದೊಂದು ವೆಲ್ಲಲ್ಲಿ ಸಾವಿರಾರು ಸೆಲ್ಲು, ಅವಕ್ಕೆ ಬೇರೆಬೇರೆ ಪ್ರಮಾಣದಲ್ಲಿ ಸೊಪ್ಪಿನ ಸತ್ವ, 48 ಗಂಟೆ. ಆಮೇಲೆ ಎಂಟಿಟಿ ಅನ್ನೋ ಹಳದಿ ಪುಡಿಯ ದ್ರಾವಣ ಹಾಕೋದು. ಬದುಕಿರೋ ಸೆಲ್ಲು ಅದನ್ನ ನೇರಳೆ ಹರಳು ಮಾಡುತ್ತೆ, ಸತ್ತಿದ್ದು ಮಾಡಲ್ಲ. ಹರಳನ್ನ ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರಲ್ಲಿ ಎಷ್ಟು ನೇರಳೆ ಅಂತ ಮೆಷೀನ್ ಓದುತ್ತೆ. ನೇರಳೆ ಜಾಸ್ತಿ ಅಂದ್ರೆ ಸೆಲ್ಲು ಬದುಕಿದೆ. ಅರ್ಧ ಸೆಲ್ಲು ಸಾಯೋಕೆ ಎಷ್ಟು ಮದ್ದು ಬೇಕೋ ಆ ಸಂಖ್ಯೆಗೆ ಐಸಿ-50 ಅಂತಾರೆ.

ನೀವು ಆಗಲೇ ಹಿಡಿದಿರ್ಬೇಕು. ನಾನು ಹಿಡೀಲಿಲ್ಲ.

ನೀರಿನ ಕಷಾಯ ಹಾಕಿದ ಸಾಲಲ್ಲಿ ಪ್ರಮಾಣ ಏರಿಸಿದಷ್ಟೂ ನೇರಳೆ ಏರ್ತಾ ಹೋಯ್ತು. ಏನೂ ಹಾಕದ ಸೆಲ್ಲನ್ನ ನೂರು ಅಂತ ಇಟ್ಕೊಂಡ್ರೆ ಇವು ನೂರಿಪ್ಪತ್ತು, ನೂರಮೂವತ್ತು. ಅಂದ್ರೆ ಏನು, ಆಟಿ ಸೊಪ್ಪಿನ ಕಷಾಯ ಕುಡಿದ ಕ್ಯಾನ್ಸರ್ ಸೆಲ್ಲು ದಷ್ಟಪುಷ್ಟ ಆಗಿ ಬೆಳೀತಾ ಇದೆ! ರಾತ್ರಿ ಒಂಬತ್ತೂವರೆ, ಲ್ಯಾಬಲ್ಲಿ ನಾನೊಬ್ಳೇ, ಪ್ರಿಂಟೌಟ್ ಹಿಡ್ಕೊಂಡು ಸ್ಟೂಲ್ ಮೇಲೆ ಕೂತು ಹುಟ್ಟಿದಾಗಿಂದ ತಿಂದ ಪಾಯಸದ ಲೆಕ್ಕ ಹಾಕ್ತಿದ್ದೀನಿ. ಅಜ್ಜಿಗೆ ಆಗ 82. ವರ್ಷಕ್ಕೊಂದು ದಿನ ಅಂದ್ರೂ 82 ಸಲ. ಎರಡನೇ ಸಲ ಮಾಡಿದೆ, ಅದೇ. ಮೂರನೇ ಸಲ ಮಾಡೋ ಮುಂಚೆ ಅಲ್ಲಿದ್ದ ಒಬ್ಬ ಸೀನಿಯರ್ ಅಣ್ಣ ಪ್ಲೇಟನ್ನ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿ, "ಸೆಲ್ ಜಾಸ್ತಿ ಎಲ್ಲಿದೆ ಮಾರಾಯ್ತಿ, ಅಷ್ಟೇ ಇದೆಯಲ್ಲ" ಅಂದ್ರು. ಆಮೇಲೆ ಕೇಳಿದ್ರು, "ಸೆಲ್ ಇಲ್ಲದ ವೆಲ್ ಇಟ್ಟಿದ್ಯಾ?"

ಇಟ್ಟಿರ್ಲಿಲ್ಲ. ಬರೀ ಮೀಡಿಯಂಗೆ, ಅಂದ್ರೆ ಸೆಲ್ಲು ಬೆಳೆಯೋ ದ್ರವಕ್ಕೆ, ಇಟ್ಟಿದ್ದೆ, ಕಷಾಯ ಪ್ಲಸ್ ಎಂಟಿಟಿ, ಸೆಲ್ ಇಲ್ಲ, ಹೀಗೊಂದು ಸಾಲು ಇಟ್ಟಿರ್ಲಿಲ್ಲ. ಇಟ್ಟು ನೋಡಿದ್ವಿ. ಒಂದೂ ಸೆಲ್ಲಿಲ್ಲದ ಆ ವೆಲ್ಲುಗಳು ನಾಲ್ಕು ಗಂಟೆಲಿ ಜಂಬುನೇರಳೆ ಹಣ್ಣಿನ ಹಾಗೆ ನಿಂತಿದ್ವು. ಸ್ವಲ್ಪ ಸೊಪ್ಪಿನದ್ದೇ ಬಣ್ಣ, ಉಳಿದಿದ್ದು ಸೊಪ್ಪಿನ ಪಾಲಿಫಿನಾಲುಗಳು ಯಾರ ಸಹಾಯನೂ ಇಲ್ಲದೆ ತಾವೇ ಎಂಟಿಟಿನ ನೇರಳೆ ಮಾಡಿದ್ದು. ಮೆಷೀನಿಗೆ ಏನು ಗೊತ್ತು, ನೇರಳೆ ಕಂಡ್ರೆ ಜೀವ ಇದೆ ಅನ್ನುತ್ತೆ. ನಮ್ಮ ಅಜ್ಜಿ ಥರನೇ, ಬಣ್ಣ ಬಂತಾ ಅಂತ ಕೇಳೋದು, ಬಂತು ಅಂದ್ರೆ ನಂಬೋದು.

ಆಮೇಲೆ ಎಂಟಿಟಿ ಹಾಕೋ ಮುಂಚೆ ಕಷಾಯನ ಬಫರ್ ಅನ್ನೋ ಉಪ್ಪುನೀರಲ್ಲಿ ತೊಳೆದು ತೆಗೆದು, ಸೆಲ್ ಇಲ್ಲದ ಸಾಲನ್ನ ಕಳೆದು ಲೆಕ್ಕ ಹಾಕಿದಾಗ ನೀರಿನ ಕಷಾಯ ಸುಮ್ನೆ ಮಲಗಿತು. ಬೆಳೆಸೋದೂ ಇಲ್ಲ, ಸಾಯಿಸೋದೂ ಇಲ್ಲ. ಮೆಥನಾಲಿಂದು ಮಾತ್ರ ಜಾಸ್ತಿ ಪ್ರಮಾಣದಲ್ಲಿ ಸೆಲ್ಲನ್ನ ಸಾಯಿಸ್ತು. ನನ್ನ ಸಂಖ್ಯೆ ಇಲ್ಲಿ ಹಾಕಲ್ಲ, ಒಂದು ಎಂ.ಎಸ್ಸಿ. ಪ್ರಾಜೆಕ್ಟಿನ ಸಂಖ್ಯೆ ಸ್ಕ್ರೀನ್‌ಶಾಟ್ ಆಗಿ ಓಡಾಡೋದು ಬೇಡ. ಕಚ್ಚಾ ಸತ್ವ ಆದ್ರೆ ಮಿಲಿಗೆ 20-30 ಮೈಕ್ರೋಗ್ರಾಮಿನ ಒಳಗೆ ಅರ್ಧ ಸೆಲ್ ಸತ್ರೆ ಮಾತ್ರ ಮುಂದೆ ನೋಡೋಣ ಅಂತ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಒಂದು ಅಳತೆಗೋಲು ಇಟ್ಟಿದೆ, ನಂದು ಆ ಗೆರೆ ಹತ್ರನೂ ಇರ್ಲಿಲ್ಲ ಅಂತಷ್ಟೇ ತಿಳ್ಕೊಳ್ಳಿ. ಅದಕ್ಕಿಂತ ಮುಖ್ಯ, ಅದೇ ಪ್ರಮಾಣನ ವೆರೋ ಅನ್ನೋ ಕೋತಿ ಕಿಡ್ನಿ ಸೆಲ್ಲಿಗೆ, ಅಂದ್ರೆ ಕ್ಯಾನ್ಸರ್ ಅಲ್ಲದ ಸೆಲ್ಲಿಗೆ, ಹಾಕಿದಾಗ ಅವೂ ಅಷ್ಟೇ ಸತ್ತುಹೋದ್ವು. ಕ್ಯಾನ್ಸರ್ ಸೆಲ್ಲನ್ನ ಸಾಯಿಸೋದು ದೊಡ್ಡ ವಿಷಯನೇ ಅಲ್ಲ ರೀ. ಒಂದಿನ ಬೇಜಾರಿಗೆ ನಮ್ಮ ತೋಟದ ರೊಬಸ್ಟಾ ಪುಡಿಯ ಗಟ್ಟಿ ಡಿಕಾಕ್ಷನ್ ಸೋಸಿ ಒಂದು ಸಾಲಿಗೆ ಹಾಕಿದ್ದೆ, ಬೆಳಿಗ್ಗೆ ನೋಡಿದ್ರೆ ಒಂದೂ ಇಲ್ಲ. ಅದನ್ನ ಥೀಸಿಸಲ್ಲಿ ಬರೀಲಿಲ್ಲ.

ಹೋದ ವರ್ಷ ಜುಲೈ ಕೊನೆಲಿ ಪಕ್ಕದ ಮನೆ ಮಾವ ಫೋನ್ ಮಾಡಿದ್ರು. ಅತ್ತೆಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ ಆಗಿತ್ತು, ಕೀಮೋ ಶುರುವಾಗಿತ್ತು. ಆ ಹೊತ್ತಿಗೆ ಆಟಿ ಸೊಪ್ಪಿನ ಫೋಟೋ ಹಾಕಿ "ಕೊಡಗಿನ ಸೊಪ್ಪಿಗೆ ಕ್ಯಾನ್ಸರ್ ಮಣಿಸೋ ಶಕ್ತಿ, ಲ್ಯಾಬಲ್ಲಿ ಸಾಬೀತು" ಅಂತ ಒಂದು ವಾಟ್ಸಾಪ್ ಮೆಸೇಜ್ ಎಲ್ಲಾ ಗ್ರೂಪಲ್ಲೂ ಓಡ್ತಿತ್ತು, ಪ್ರತಿ ವರ್ಷ ಮಳೆಗಾಲಕ್ಕೆ ಕಪ್ಪೆ ಥರ ಎದ್ದು ಬರುತ್ತೆ ಅದು. ನಾನು ಅದಕ್ಕೇ ಫೋನ್ ಮಾಡಿದ್ದಾರೆ ಅಂದ್ಕೊಂಡೆ. ಮಾವ ಬೇರೆನೇ ದಾರಿಲಿ ಬಂದ್ರು.

"ಮಗಳೇ, ಒಂದು ಕೇಳ್ಬೇಕಿತ್ತು. ನಿನ್ನ ಅತ್ತೆಗೆ ಮೊದಲ್ನೇ ಡ್ರಿಪ್ ಹಾಕಿದ್ರಲ್ಲ, ಕೆಂಪು ಬಾಟ್ಲಿ. ಮಾರನೇ ದಿನ ಮೂತ್ರ ಕೆಂಪಗೆ ಬಂತು. ಅದೇ ಬಣ್ಣ. ಆಟಿ ಸೊಪ್ಪಿಂದೇ ಬಣ್ಣ. ಅಲ್ಲ, ಅದನ್ನೇ ಇವ್ರು ಬಾಟ್ಲಿಲಿ ತುಂಬಿ ಅಷ್ಟು ದುಡ್ಡು ತಗೊಳ್ತಿದ್ದಾರಾ ಹೇಗೆ?"

ನಗ್ಬೇಕೋ ಅಳ್ಬೇಕೋ. ನೀವು ಯೋಚನೆ ಮಾಡಿ, ಎಪ್ಪತ್ತು ವರ್ಷ ಆಟಿ ಹದಿನೆಂಟರ ಮಾರನೇ ದಿನ ಅದೇ ಬಣ್ಣ ನೋಡಿ ಮದ್ದು ಹಿಡೀತು ಅಂದ್ಕೊಂಡ ಮನುಷ್ಯನಿಗೆ ಆಸ್ಪತ್ರೆಲೂ ಅದೇ ಬಣ್ಣ ಕಂಡ್ರೆ ಬೇರೆ ಏನು ಅನ್ನಿಸ್ಬೇಕು. ನೋಡಿ ತಾಳೆ ಹಾಕೋದ್ರಲ್ಲಿ ಅವರು ತಪ್ಪು ಮಾಡ್ಲಿಲ್ಲ, ನನ್ನ ಜಿಸಿ-ಎಂಎಸ್ ಲೈಬ್ರರಿ ಮಾಡೋ ಕೆಲಸನೇ ಅವರೂ ಮಾಡಿದ್ದು.

ಆ ಕೆಂಪು ಬಾಟ್ಲಿ ಡಾಕ್ಸೋರುಬಿಸಿನ್. ಅದು ಗಿಡದ್ದಲ್ಲ, ಮಣ್ಣಿನದ್ದು. 1950ರ ದಶಕದಲ್ಲಿ ಇಟಲಿಯ ಒಂದು ಹಳೇ ಕೋಟೆ ಹತ್ರದ ಮಣ್ಣಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನೋ ಬ್ಯಾಕ್ಟೀರಿಯಾ ಸಿಕ್ತು, ಅದು ಮಾಡೋ ಮಾಣಿಕ್ಯದ ಬಣ್ಣದ ವಸ್ತುವಿಂದ ಈ ಮದ್ದಿನ ವಂಶ ಶುರು, ಮೊದಮೊದಲು ಪಕ್ಕದ ಏಡ್ರಿಯಾಟಿಕ್ ಸಮುದ್ರದ ಹೆಸರಲ್ಲಿ ಏಡ್ರಿಯಾಮೈಸಿನ್ ಅಂತಲೂ ಕರೆದ್ರು. ಮುಂದೆ ಅತ್ತೆಗೆ ಹಾಕ್ಬೇಕಿದ್ದ ಪ್ಯಾಕ್ಲಿಟ್ಯಾಕ್ಸೆಲ್ ಮಾತ್ರ ಮರದ್ದೇ. ಇದನ್ನ ಮಾವನಿಗೆ ಹೇಳಿದೆ. 1962ರಲ್ಲಿ, ಅದೂ ಆಗಸ್ಟ್ ತಿಂಗಳಲ್ಲೇ, ಆರ್ಥರ್ ಬಾರ್ಕ್ಲೇ ಅನ್ನೋ ಸಸ್ಯಶಾಸ್ತ್ರಜ್ಞ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಕಿತ್ತು ಚೀಲಕ್ಕೆ ತುಂಬಿದ್ದು. ಮನ್ರೋ ವಾಲ್ ಜೊತೆ ನಮ್ಮ ಮಹಾರಾಷ್ಟ್ರದವರೇ ಆದ ಮನ್ಸುಖ್ ವಾಣಿ ಸೇರಿ ಅದರೊಳಗಿಂದ ಒಂದೇ ಒಂದು ಅಣುನ ಬೇರೆ ಮಾಡಿ 1971ರಲ್ಲಿ ರಚನೆ ಬರೆದ್ರು. ಅದು ಜೀವಕೋಶದೊಳಗೆ ಏನು ಮಾಡುತ್ತೆ ಅಂತ ಸೂಸನ್ ಹಾರ್ವಿಟ್ಜ್ ಕಂಡುಕೊಂಡಿದ್ದು 1979ರಲ್ಲಿ. ರೋಗಿಗೆ ಕೊಡಬಹುದು ಅಂತ ಅನುಮತಿ ಸಿಕ್ಕಿದ್ದು 1992ರ ಡಿಸೆಂಬರಲ್ಲಿ. ಮೂವತ್ತು ವರ್ಷ. ಬಾರ್ಕ್ಲೇ ತೊಗಟೆ ಕಿತ್ತಿದ್ದು ಅಮೆರಿಕ ಸರ್ಕಾರ ಗಿಡಗಳಲ್ಲಿ ಕ್ಯಾನ್ಸರ್ ಮದ್ದು ಹುಡುಕಿಸ್ತಿದ್ದ ಕಾರ್ಯಕ್ರಮಕ್ಕೆ, ಅದರಲ್ಲಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಸುಮಾರು 35,000 ಗಿಡಗಳ 1,14,000 ಸತ್ವ ಜಾಲಾಡಿದ್ರು, ಅದರಲ್ಲಿ ಆಸ್ಪತ್ರೆ ತನಕ ಬಂದಿದ್ದು ಬೆರಳೆಣಿಕೆ. ಆ ಯೂ ಮರದ ತೊಗಟೆನ ನಮ್ಮ ಹಾಗೆ ನೀರಲ್ಲಿ ಕುದಿಸಿ ಕುಡಿದ್ರೆ ಏನೂ ಪ್ರಯೋಜನ ಇಲ್ಲ, ಪ್ಯಾಕ್ಲಿಟ್ಯಾಕ್ಸೆಲ್ ನೀರಿಗೆ ಕರಗೋದೇ ಇಲ್ಲ, ಹರಳೆಣ್ಣೆಯಿಂದ ಮಾಡಿದ ಒಂದು ವಸ್ತು ಮತ್ತೆ ಆಲ್ಕೋಹಾಲ್ ಸೇರಿಸಿ ಅದನ್ನ ಡ್ರಿಪ್ಪಿಗೆ ಇಳಿಸ್ತಾರೆ. ಮರದಲ್ಲಿರೋ ಬೇರೆ ವಿಷಗಳು ಮೊದಲು ಹೃದಯ ನಿಲ್ಲಿಸ್ತವೆ.

ಅದಕ್ಕೂ ದೂರ ಯಾಕೆ ಹೋಗ್ಬೇಕು, ಅವರ ಅಂಗಳದಲ್ಲೇ ನಿತ್ಯಪುಷ್ಪ ಇದೆ, ದೇವರಿಗೆ ದಿನಾ ಕುಯ್ತಾರೆ. ಕೆನಡಾದಲ್ಲಿ ಅದನ್ನ ಪರೀಕ್ಷೆ ಮಾಡಿದ್ದು ಸಕ್ಕರೆ ಕಾಯಿಲೆಗೆ, ಸಕ್ಕರೆ ಇಳೀಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳೀತು, ಅಲ್ಲಿಂದ ವಿನ್‌ಬ್ಲಾಸ್ಟಿನ್, ಆಮೇಲೆ ರಕ್ತ ಕ್ಯಾನ್ಸರಿನ ಮಕ್ಕಳನ್ನ ಉಳಿಸೋ ವಿನ್‌ಕ್ರಿಸ್ಟಿನ್ ಬಂತು. ಒಂದು ಗ್ರಾಮಿಗೆ ನೂರಾರು ಕಿಲೋ ಒಣ ಎಲೆ ಬೇಕು. ಹೂವಿನ ಕಷಾಯ ಮಾಡಿ ಕುಡಿಯೋಕೆ ಹೊರಟ್ರೆ ಪೂಜೆಗೂ ಇಲ್ಲ ಮದ್ದಿಗೂ ಇಲ್ಲ.

ಮಾವ ಎಲ್ಲ ಕೇಳಿಸ್ಕೊಂಡ್ರು. ನಮ್ಮ ಕಡೆ ಹಿರಿಯರು ಫೋನಲ್ಲಿ ಹೂಂ ಅನ್ನಲ್ಲ, ಸುಮ್ನೆ ಇರ್ತಾರೆ, ಲೈನ್ ಕಟ್ಟಾಯ್ತಾ ಅಂತ ನಮಗೇ ಅನುಮಾನ ಬರ್ಬೇಕು. ಆಮೇಲೆ ಕೇಳಿದ್ರು, "ಹಾಗಾದ್ರೆ ನಿನ್ನ ಟೆಸ್ಟಲ್ಲಿ ಎಂಥ ಬಂತು?"

ಪ್ಲೇಟಲ್ಲಿ ಹಾಕಿದ ಪ್ರಮಾಣದ ಲೆಕ್ಕ ಹೇಳಿದೆ. ಮಿಲಿಗೆ 100 ಮೈಕ್ರೋಗ್ರಾಮ್ ಅಂತಿಟ್ಕೊಳ್ಳಿ, ಮನುಷ್ಯನ 5 ಲೀಟರ್ ರಕ್ತಕ್ಕೆ ಅದು ಅರ್ಧ ಗ್ರಾಮ್ ಸತ್ವ. ಅದೂ ಹೊಟ್ಟೆಲಿ ಜೀರ್ಣ ಆಗ್ದೆ, ಲಿವರ್ ಕೈಗೆ ಸಿಗದೆ, ಎಲ್ಲಾ ಒಂದೇ ಸಲ ರಕ್ತಕ್ಕೆ ಸೇರಿ, ಎರಡು ದಿನ ಕದಲದೆ ಅಲ್ಲೇ ನಿಲ್ಬೇಕು. ಮಾವ, ನಿಮಗೇ ಗೊತ್ತಲ್ಲ, ರಾತ್ರಿ ತಿಂದಿದ್ದು ಬೆಳಿಗ್ಗೆಗೆ ಕೆಂಪಾಗಿ ಹೊರಗೆ ಬರುತ್ತೆ. ಈ ಮಾತು ಹೇಳ್ತಾ ಹೇಳ್ತಾ ನನಗೇ ಹೊಳೆದಿದ್ದು, ಬಣ್ಣ ಬಂತಾ ಅನ್ನೋ ಅಜ್ಜಿಯ ಪ್ರಶ್ನೆ ಎಷ್ಟು ಒಳ್ಳೇ ಪ್ರಯೋಗ ಅಂತ. ತಿಂದಿದ್ದು ಕರುಳು ದಾಟಿ ರಕ್ತಕ್ಕೆ ಹೋಯ್ತು, ಇಲ್ಲದಿದ್ರೆ ಮೂತ್ರಕ್ಕೆ ಬರ್ತಿರಲಿಲ್ಲ. ರಕ್ತದಲ್ಲಿ ನಿಲ್ಲಲಿಲ್ಲ, ಇಲ್ಲದಿದ್ರೆ ಬೆಳಿಗ್ಗೆಗೇ ಬರ್ತಿರಲಿಲ್ಲ. ನನ್ನ 96 ವೆಲ್ಲಿನ ಪ್ಲೇಟು ಈ ಎರಡರಲ್ಲಿ ಒಂದನ್ನೂ ಹೇಳಲ್ಲ, ಅದಕ್ಕೆ ಕರುಳೂ ಇಲ್ಲ, ಕಿಡ್ನಿನೂ ಇಲ್ಲ.

"ಅಂದ್ರೆ ಕೊಡೋದು ಬೇಡ ಅಂತಿ."

ನಾನು ಬೇಡ ಅನ್ಲಿಲ್ಲ, ಡಾಕ್ಟರನ್ನ ಕೇಳ್ದೆ ಕೊಡಬೇಡಿ ಅಂದೆ. ಪ್ಯಾಕ್ಲಿಟ್ಯಾಕ್ಸೆಲ್ಲನ್ನ ಒಡೆದು ಹೊರಗೆ ಹಾಕೋದು ಲಿವರಿನ ಕೆಲವು ಎನ್‌ಜೈಮುಗಳು, ಗಿಡಮೂಲಿಕೆ ಎಷ್ಟೋ ಸಲ ಅದೇ ಎನ್‌ಜೈಮುಗಳ ಕೈ ಕಟ್ಟಿಹಾಕುತ್ತೆ ಇಲ್ಲ ಜಾಸ್ತಿ ಚುರುಕು ಮಾಡುತ್ತೆ, ಆಗ ಡ್ರಿಪ್ಪಲ್ಲಿ ಅಳೆದು ಹಾಕಿದ ಮದ್ದು ದೇಹದೊಳಗೆ ಹೆಚ್ಚು ಕಮ್ಮಿ ಆಗಿಬಿಡುತ್ತೆ. ಅವರು ಕೇಳಿದ್ರು. ಕೀಮೋ ಮುಗಿಯೋ ತನಕ ಬೇಡ ಅಂದ್ರಂತೆ ಡಾಕ್ಟ್ರು, ಬೈದೇನೂ ಇಲ್ಲ, ಯಾವ ಸೊಪ್ಪು ಅಂತ ಹೆಸರು ಬರ್ಕೊಂಡ್ರಂತೆ. ಇದು ನನಗೆ ಇಷ್ಟ ಆಯ್ತು. ಎಷ್ಟೋ ಕಡೆ ಕೇಳಿದ್ರೆ ಬೈಯ್ತಾರೆ, ಅದಕ್ಕೇ ಜನ ಕೇಳೋದು ಬಿಟ್ಟು ಕದ್ದು ಕುಡೀತಾರೆ.

ಅತ್ತೆಯ ಎರಡನೇ ಡ್ರಿಪ್ ಬಿದ್ದಿದ್ದು ಆಗಸ್ಟ್ 2ಕ್ಕೆ, ಮಾರನೇ ದಿನ ಆಟಿ ಹದಿನೆಂಟು. ಮಡಿಕೇರಿ ಮಾರ್ಕೆಟಲ್ಲಿ ಈಗ ಆ ಎರಡು ದಿನ ಸೊಪ್ಪಿನ ಕಟ್ಟು ಗುಡ್ಡೆ ಹಾಕಿ ಮಾರ್ತಾರೆ, ಮಾವ ಮಾತ್ರ ಮಳೇಲಿ ಕೊಡೆ ಹಿಡ್ಕೊಂಡು ತೋಟದ ಅಂಚಿಗೇ ಹೋಗಿ ಕುಯ್ದು ತಂದ್ರಂತೆ. ವಾಂತಿ ಬಂದ ಹಾಗಾಗಿ ಮಲಗಿದ್ದ ಅತ್ತೆ ಅಲ್ಲಿಂದಲೇ ಬೆಲ್ಲ ಇಷ್ಟು ಹಾಕಿ, ತಳ ಹಿಡಿಸ್ಬೇಡಿ ಅಂತ ಹೇಳಿಕೊಟ್ಟು, ಅವರು ಜೀವನದಲ್ಲಿ ಮೊದಲ ಸಲ ಒಲೆ ಮುಂದೆ ನಿಂತು ಒಬ್ಬರಿಗೆ ಆಗೋವಷ್ಟು ಪಾಯಸ ಮಾಡಿಕೊಂಡ್ರು. ತಳ ಹಿಡೀತು.

ನಾಲ್ಕನೇ ತಾರೀಕು ಬೆಳಿಗ್ಗೆ ಆರೂವರೆಗೆ ನನ್ನ ಫೋನು. ಏನಾಯ್ತಪ್ಪಾ ಅಂತ ಎದೆ ಧಸಕ್ ಅಂತು. ಆ ಕಡೆಯಿಂದ ಮಳೆ ಸದ್ದು, ಹಿಂದೆ ಎಲ್ಲೋ ಅತ್ತೆ "ಅದನ್ನೆಲ್ಲ ಹೇಳ್ತಾರಾ ನಿಮ್ಮ ಮುಸುಡಿಗೆ" ಅಂತ ಬೈಯ್ತಾ ಇದ್ದಾರೆ.

"ಬಣ್ಣ ಬಂತು ಮಗಳೇ," ಅಂದ್ರು ಮಾವ. "ಇಬ್ಬರಿಗೂ."